ಗೀಜಗನ ಕಸ್ಟಮರ್ ಕೇರ್

ಗೀಜಗವು ಕಾಗೆಗೆ ಹೊಸ ಮಾಡೆಲ್ ಗೂಡೊಂದನ್ನು ಗ್ಯಾರಂಟಿ ಸಮೇತ ಮಾರಿತು. ಮೊದಲ ಮಳೆಗೇ ಗೂಡು ಸೋರಿತು. ಕಾಗೆ ಗೀಜಗನನ್ನು ಕರೆದು ದೂರು ಹೇಳಿತು.

"ಒಮ್ಮೆ ಹೊರಗೆ ಬಂದು, ಹತ್ತು ಎಣಿಸಿ, ಮತ್ತೆ ಒಳಗೆ ಹೋಗಿ ನೋಡಿ," ಎಂದಿತು ಗೀಜಗ.

"ಮೂರು ಸಲ ಮಾಡಿದ್ದಾಯಿತು ಸ್ವಾಮಿ. ತೂತು ಇರುವುದು ಮೇಲ್ಗಡೆ."

"ಇನ್ನೊಂದು ಸಲ ಮಾಡಿ. ನಮ್ಮಲ್ಲಿ ಅದೇ ಕ್ರಮ."

ಕಾಗೆ ಹೊರಗೆ ಬಂದು ಎಣಿಸತೊಡಗಿತು. ಏಳು ಎನ್ನುವಷ್ಟರಲ್ಲಿ ಕೋಗಿಲೆಯೊಂದು ಗೂಡಿಗೆ ನುಗ್ಗಿ ಕೂತಿತು. ಅದರ ತಲೆಯ ಮೇಲೂ ನೀರು ತೊಟ್ಟಿಕ್ಕಿತು. ಅದೂ ದೂರು ಹೇಳಿತು.

"ನೀವೂ ಒಮ್ಮೆ ಹೊರಗೆ ಬನ್ನಿ," ಎಂದಿತು ಗೀಜಗ.

ಬಾಗಿಲಲ್ಲೇ ಕಾಯುತ್ತಿದ್ದ ಕಾಗೆಯನ್ನು ನೋಡಿ ಕೋಗಿಲೆ, "ಬೇಡ ಬಿಡಿ, ಈಗ ಸೋರುತ್ತಿಲ್ಲ," ಎಂದಿತು.

ಗೀಜಗ ಎಲೆಯೊಂದರ ಮೇಲೆ ಬರೆದುಕೊಂಡಿತು: ಸಮಸ್ಯೆ ಬಗೆಹರಿದಿದೆ, ಗ್ರಾಹಕರು ತೃಪ್ತರಾಗಿದ್ದಾರೆ.