ಎಣ್ಣೆ ಕುಡಿದ ಬಟ್ಟೆ

ಬಡಗಿ ಮೌನೇಶಾಚಾರಿ ಹೊಸ ಮಣೆಗೆ ಅಗಸೆ ಎಣ್ಣೆ ಹಚ್ಚಿ, ಹೆಚ್ಚಾದದ್ದನ್ನು ಹಳೆಯ ಬಟ್ಟೆಯಿಂದ ಒರೆಸಿದ. ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆದು ಊಟಕ್ಕೆ ಹೋದ.

"ಒರೆಸಿ ಒರೆಸಿ ಮೈಯೆಲ್ಲ ಜಿಡ್ಡು ನನಗೆ, ಹೊಳಪು ಮಾತ್ರ ನಿನಗೆ!" ಎಂದು ಬಟ್ಟೆ ಮಣೆಯ ಮೇಲೆ ಸಿಡುಕಿತು.

"ನಿಜ," ಎಂದಿತು ಮಣೆ. "ಆದರೆ ನಿನ್ನ ಮೈ ಕಾಯುತ್ತಿದೆ. ಈ ಎಣ್ಣೆ ಕುಡಿದ ಬಟ್ಟೆ ಹೀಗೆ ಮುದುಡಿಕೊಂಡೇ ಇದ್ದರೆ ತಾನಾಗಿ ಹೊತ್ತಿಕೊಳ್ಳುತ್ತದೆ. ಮಡಿಕೆ ಬಿಚ್ಚು, ಗಾಳಿಯಾಡಲಿ."

"ಬಿಚ್ಚುವುದಿಲ್ಲ. ನಾನು ಹೊತ್ತಿಕೊಂಡರೆ ನಿನ್ನ ಹೊಳಪೂ ಬೂದಿಯಾಗುತ್ತದೆ."

"ಆಗುತ್ತದೆ. ಆದರೆ ಅದನ್ನು ನೋಡಲು ನೀನಿರುವುದಿಲ್ಲ."

ಬಟ್ಟೆ, ಮಣೆಗೆ ಕಾಣದ ಹಾಗೆ, ಒಂದೊಂದೇ ಮಡಿಕೆ ಬಿಚ್ಚತೊಡಗಿತು.