ಬಜೆ ಕುಟ್ಟುವವಳ ಬಾಯಿಬಟ್ಟೆ

"ಅವ್ವಾ, ಶುಂಠಿ ಕುಟ್ಟುವಾಗ ಮಾತಾಡಬಹುದು, ಅಳಲೆಕಾಯಿ ಕುಟ್ಟುವಾಗ ಹಾಡೇ ಹೇಳಬಹುದು. ಬಜೆ ಬೇರು ಕುಟ್ಟುವಾಗ ಮಾತ್ರ ಬಾಯಿಗೆ ಬಟ್ಟೆ ಕಟ್ಟು ಅನ್ನುತ್ತೀರಿ. ಯಾಕೆ? ಬೇರಿಗೇನು ಕಿವಿ ಇದೆಯೇ?" ಎಂದು ಶಿಷ್ಯೆ ಕೇಳಿದಳು.

ಅವಳಿಗೆ ನಾಟಿ ಮದ್ದು ಕಲಿಸುತ್ತಿದ್ದ ಹೊನ್ನವ್ವ ಒನಕೆಯನ್ನು ಗೋಡೆಗೆ ಒರಗಿಸಿ, ತನ್ನ ಬಾಯಿಬಟ್ಟೆ ಕೆಳಗಿಳಿಸಿ, ಈ ಕತೆ ಹೇಳಿದಳು.

ಒಂದೂರಿನಲ್ಲಿ ಒಬ್ಬ ಪುಡಿಯವಳಿದ್ದಳು. ಕೈಗುಣ ಬಂಗಾರ, ಬಾಯಿ ಮಾತ್ರ ತೂತು ಬಿದ್ದ ಚೀಲ. ಕೆಮ್ಮಿಗೆ ಹಿಪ್ಪಲಿ, ಅಜೀರ್ಣಕ್ಕೆ ಶುಂಠಿ, ಹೊಟ್ಟೆ ಕಟ್ಟಿಕೊಂಡರೆ ಅಳಲೆಕಾಯಿ ಎಂದು ಪುಡಿ ಕಟ್ಟಿಕೊಡುವಳು. ರೋಗ ಹೇಳಿಕೊಳ್ಳದೆ ಮದ್ದು ಸಿಗುವುದಿಲ್ಲವಲ್ಲ, ಊರವರೆಲ್ಲ ಅವಳ ಮುಂದೆ ಒಳಗಿನದನ್ನು ಬಿಚ್ಚಿಡಲೇಬೇಕು. ಅಳಲೆಕಾಯಿ ಪುಡಿ ಒಯ್ದ ಗೌಡನ ಸಂಕಟ, ಗೌಡ ಮನೆ ಮುಟ್ಟುವ ಮೊದಲೇ ಕೆರೆಯ ಏರಿ ಮುಟ್ಟಿರುತ್ತಿತ್ತು.

ಅವಳಿಗೆ ವಿದ್ಯೆ ಕಲಿಸಿದ ಮುದುಕಿ ಸಾಯುವಾಗ ಒಂದು ಮಾತು ಹೇಳಿದ್ದಳು: "ಬಜೆ ನಾಲಿಗೆಯ ಮದ್ದು. ಕುಟ್ಟುವಾಗ ಬಾಯಿ ಕಟ್ಟಿಕೋ." ಘಾಟಿಗೆ ಹೇಳಿದ್ದಾಳೆ ಎಂದುಕೊಂಡಳು ಪುಡಿಯವಳು. ಘಾಟು ನನಗೇನು ಹೊಸದೇ ಎಂದು ಬಟ್ಟೆಯನ್ನು ಗೂಟಕ್ಕೆ ತಗುಲಿಹಾಕಿದಳು. ಅದು ಅಲ್ಲೇ ಧೂಳು ತಿಂದಿತು.

ಅದೇ ಊರಿನಲ್ಲಿ ಒಬ್ಬ ನೇಕಾರನಿದ್ದ. ಅವನ ಮಗಳಿಗೆ ಮೂರು ತುಂಬಿದರೂ ಮಾತು ಬಂದಿರಲಿಲ್ಲ. ಅತ್ತರೆ ಕಣ್ಣೀರು ಬರುತ್ತಿತ್ತು, ದನಿ ಬರುತ್ತಿರಲಿಲ್ಲ. ನೇಕಾರನ ತಾಯಿ ಸೊಸೆಗೆ ಖಡಾಖಂಡಿತವಾಗಿ ಹೇಳಿಬಿಟ್ಟಳು: "ಇನ್ನು ನಲವತ್ತೆಂಟು ದಿನ ಕೊಟ್ಟಿದ್ದೇನೆ. ಅಷ್ಟರೊಳಗೆ ಈ ಕೂಸು ನನ್ನ ಮಗನನ್ನು ಅಪ್ಪಾ ಅನ್ನಬೇಕು. ಅನ್ನದಿದ್ದರೆ ನಿನ್ನ ಮೂಗಿಯನ್ನು ಎತ್ತಿಕೊಂಡು ತವರಿನ ದಾರಿ ಹಿಡಿ. ನನ್ನ ಮಗನಿಗೇನು ಬೇರೆ ಹೆಣ್ಣು ಸಿಗುವುದಿಲ್ಲವೇ?"

ಸೊಸೆ ಓಡೋಡಿ ಬಂದು ಪುಡಿಯವಳ ಕಾಲು ಹಿಡಿದಳು. "ಒಂದು ಮಾತು ನುಡಿಸಿಕೊಡಕ್ಕಾ, ಒಂದೇ ಒಂದು ಮಾತು."

ಅಂದಿನಿಂದ ಮದ್ದು ಶುರುವಾಯಿತು. ತಾಯಿ ಬೆಳಗ್ಗೆ ಮಗುವನ್ನು ತಂದು ಒರಳಿನ ಪಕ್ಕ ಕೂರಿಸಿ, ಬಣ್ಣ ಹಾಕಿದ ನೂಲು ಜಾಲಿಸಲು ಕೆರೆಗೆ ಹೋಗುವಳು. ಪುಡಿಯವಳು ಆ ದಿನದ ಬಜೆಯನ್ನು ಆ ದಿನವೇ ಕುಟ್ಟಿ, ಚಿಟಿಕೆ ಪುಡಿಯನ್ನು ಜೇನಿನಲ್ಲಿ ಕಲಸಿ, ಮಗುವಿನ ನಾಲಿಗೆಗೆ ಸವರುವಳು. ಮಗು ಮಿಸುಕಾಡುತ್ತಿರಲಿಲ್ಲ. ಬೂದು ಬಣ್ಣದ ಕಣ್ಣು ಬಿಟ್ಟುಕೊಂಡು ಅವಳನ್ನೇ ನೋಡುತ್ತಿತ್ತು.

ಆ ಬೂದು ಕಣ್ಣೇ ಪುಡಿಯವಳಿಗೆ ಸುಗ್ಗಿಯಾಯಿತು. ಹಿಪ್ಪಲಿಗೆಂದು ಬಂದ ಒಬ್ಬಳಿಗೆ ಒನಕೆ ಎತ್ತಿಹಾಕುತ್ತಲೇ ಹೇಳಿದಳು:

"ಅಯ್ಯೋ ತಾಯಿ, ನಿನಗೆ ಗೊತ್ತೇ ಇಲ್ಲವಾ? ನೇಕಾರನ ವಂಶದಲ್ಲಿ ಬೆಕ್ಕಿನ ಕಣ್ಣು ಯಾರಿಗಿದೆ ಹೇಳು. ಪಾತ್ರೆಗೆ ಕಲಾಯಿ ಹಾಕಲು ಬರುತ್ತಾನಲ್ಲ, ಅವನದೇ ಕಣ್ಣು! ಆ ಮನೆಯ ತಪ್ಪಲೆಯ ಕಲಾಯಿ ವರ್ಷಕ್ಕೆ ನಾಲ್ಕು ಸಲ ಯಾಕೆ ಸವೆಯುತ್ತದೆ ಅಂದುಕೊಂಡೆ?"

ನಿಜವೇ ಎಂದರೆ, ಇಲ್ಲ. ಕಲಾಯಿಯವನು ಆ ಮನೆಯ ಹೊಸ್ತಿಲು ದಾಟಿದ್ದನ್ನು ಅವಳು ಕಂಡವಳೇ ಅಲ್ಲ. ಹೇಳಲು ರುಚಿಯಾಗಿತ್ತು, ಹೇಳಿದಳು. ಮರುದಿನ ಬಂದವಳಿಗೂ ಅದೇ, ಅದರ ಮರುದಿನ ಬಂದವಳಿಗೂ ಅದೇ. ಮಾತಿಗೊಂದು ಏಟು ಬೀಳುತ್ತಿತ್ತು. ಎದ್ದ ಪುಡಿ ಅವಳ ತುಟಿ ಸವರಿ ಮತ್ತೆ ಒರಳಿಗೇ ಇಳಿಯುತ್ತಿತ್ತು.

ನಲವತ್ತೆಂಟನೆಯ ದಿನ ನೇಕಾರ, ಅವನ ತಾಯಿ, ನೆರೆಹೊರೆ ಎಲ್ಲ ಪುಡಿಯವಳ ಅಂಗಳದಲ್ಲಿ ನೆರೆದರು. ಸೊಸೆ ಸೆರಗನ್ನು ಹಲ್ಲಿನಲ್ಲಿ ಕಚ್ಚಿ ನಿಂತಳು. ಪುಡಿಯವಳು ಜೇನು ಸವರಿದಳು. ಮಗು ಚಪ್ಪರಿಸಿ ನುಂಗಿತು. ಆಮೇಲೆ ಬಾಯಿ ತೆರೆಯಿತು.

ಬಂದದ್ದು ಕೂಸಿನ ದನಿಯಲ್ಲ. ಐವತ್ತು ದಾಟಿದ ಹೆಂಗಸಿನ ಎಳೆದೆಳೆದು ಆಡುವ ದನಿ. ಪುಡಿಯವಳು ಮಾತಾಡುವಾಗ ಮಾಡುವಂತೆಯೇ ಮಗುವಿನ ಎಡಗೈ ಕೆನ್ನೆಗೆ ಹೋಯಿತು. ಎಡಗಣ್ಣು ಕಿರಿದಾಯಿತು.

"ಅಯ್ಯೋ ತಾಯಿ, ನಿನಗೆ ಗೊತ್ತೇ ಇಲ್ಲವಾ?"

ಬೆಕ್ಕಿನ ಕಣ್ಣು, ಕಲಾಯಿಯವನು, ತಪ್ಪಲೆ, ಒಂದೂ ಬಿಡದೆ ಹೇಳಿತು. ಮಾತಿಗೊಮ್ಮೆ ಪುಟ್ಟ ಮುಷ್ಟಿಯಿಂದ ನೆಲವನ್ನು ಗುದ್ದಿತು. ದುಬ್. ದುಬ್. ದುಬ್.

ಪುಡಿಯವಳು ಮಗುವಿನ ಬಾಯಿ ಮುಚ್ಚಲು ಕೈ ಚಾಚಿದಳು. "ಸುಳ್ಳು! ಶಿವನಾಣೆ ಸುಳ್ಳು! ನಾನೇ ಕಟ್ಟಿ ಹೇಳಿದ್ದು ಅದು!" ಎಂದು ಕಿರುಚಿದಳು.

ನೇಕಾರನ ತಾಯಿ ಅವಳತ್ತ ತಿರುಗಲೂ ಇಲ್ಲ. "ಸುಮ್ಮನಿರೇ. ಮೂರು ವರ್ಷ ಬಾಯಿ ಬಿಡದ ಕೂಸು ಮೊದಲ ಮಾತೇ ಸುಳ್ಳಾಡುತ್ತದೆಯೇ? ನಿನ್ನ ಮದ್ದು ಒಳ್ಳೆಯದು. ಇದ್ದದ್ದನ್ನು ನುಡಿಸಿದೆ."

ನೇಕಾರ ಮಗುವಿನ ಮೇಲಿನ ಕಣ್ಣು ತೆಗೆದು ಮನೆಯ ಕಡೆ ನಡೆದ. ಸ್ವಲ್ಪ ಹೊತ್ತಿಗೆ ಅಗಳಿ ಹಾಕಿದ ಸದ್ದು ಕೇಳಿಸಿತು. ಸೊಸೆ ಮಗುವನ್ನು ಕಂಕುಳಿಗೇರಿಸಿ ತವರಿನ ದಾರಿ ಹಿಡಿದಳು. ಬಂದ ಮಾತು ಮಗುವಿಗೆ ನಿಲ್ಲಿಸಲು ಬರಲಿಲ್ಲ. ಅವರು ಊರ ಮುಂದಿನ ದಿಬ್ಬ ಇಳಿದು ಮರೆಯಾದ ಮೇಲೂ, ಪುಡಿಯವಳಿಗೆ ದೂರದಿಂದ ತನ್ನದೇ ದನಿ ಕೇಳುತ್ತಿತ್ತು.

ಅವಳು ಉಳಿದ ಪುಡಿಯನ್ನು ನೆಲದಲ್ಲಿ ಹೂತಳು. ಒರಳನ್ನು ಏಳು ಸಲ ತೊಳೆದಳು. ಗೂಟದ ಮೇಲಿನ ಬಟ್ಟೆ ಕೊಡವಿ ಬಾಯಿಗೆ ಕಟ್ಟಿಕೊಂಡಳು. ಸಾಯುವವರೆಗೆ ಬಿಚ್ಚಲಿಲ್ಲ.

ಕತೆ ಮುಗಿಯುವಷ್ಟರಲ್ಲಿ ಶಿಷ್ಯೆ ಒರಳಿನಿಂದ ಮಾರು ದೂರ ಸರಿದು ಕೂತಿದ್ದಳು. ಬಜೆಯ ತುಂಡುಗಳನ್ನು ಮುಟ್ಟಲು ಕೈ ಬರಲಿಲ್ಲ.

"ಹಾಗಾದರೆ ಬೇರಿಗೆ ಕಿವಿ ಇದೆ ಅನ್ನಿ, ಅವ್ವಾ."

ಹೊನ್ನವ್ವ ಬಾಯಿಬಟ್ಟೆ ಮೇಲೆಳೆಯುತ್ತ ಹೇಳಿದಳು: "ಬೇರಿಗೆಲ್ಲಿಯ ಕಿವಿಯೇ, ಕಿವಿ ಇದ್ದದ್ದು ಒರಳಿನ ಪಕ್ಕ ಕೂತ ಕೂಸಿಗೆ."