ಒರಟುಗೊಳ

ನಮ್ಮ ಕಣಿವೆಹಳ್ಳಿಯ ಬಡಗಣಕ್ಕೆ, ಹುಣಸೆತೋಪು ದಾಟಿದೊಡನೆ, ಕಲ್ಲುಮೆಟ್ಟಿಲಿನ ಕೊಳವೊಂದಿದೆ. ಹೆಸರು ಒರಟುಗೊಳ. ಹೊರಗಿನವರು ಹೆಸರು ಕೇಳಿ ಮೂಗು ಮುರಿಯುತ್ತಾರೆ. ಅವರಲ್ಲಿ ಒರಟು ಎಂದರೆ ನಯವಿಲ್ಲದ್ದು. ಬಟ್ಟೆಗಾಗಲಿ, ಮಾತಿಗಾಗಲಿ, ಮನುಷ್ಯನಿಗಾಗಲಿ ಅದು ಬೈಗುಳ. ನಮ್ಮಲ್ಲಿ ಅದು ಹೊಗಳಿಕೆ. ನಂಬಿ ಕಾಲೂರಬಹುದಾದದ್ದು ಎಂದರ್ಥ. ಹೆಣ್ಣು ನೋಡಲು ಬಂದವರಿಗೆ ‘ಹುಡುಗಿ ಬಲು ಒರಟು’ ಎಂದು ಎದೆಯುಬ್ಬಿಸಿ ಹೇಳಿ ಎರಡು ಸಂಬಂಧ ಕಳೆದುಕೊಂಡಿದ್ದೇವೆ. ಮಾತು ಮಾತ್ರ ಬದಲಿಸಿಲ್ಲ.

ಹಿಂದೆ ಒಮ್ಮೆ, ನನ್ನ ತಾತನ ಪ್ರಕಾರ ಮುನ್ನೂರು ವರ್ಷದ ಕೆಳಗೆ, ನನ್ನ ಪ್ರಕಾರ ಐನೂರು (ಊರಿನ ಮರ್ಯಾದೆಗೆಂದು ಇನ್ನೂರು ಸೇರಿಸಿದ್ದೇನೆ), ಕೆಂಚಣ್ಣನಾಯಕನೆಂಬ ಪಾಳೆಯಗಾರ ಈ ಕೊಳ ಕಟ್ಟಿಸಿ, ಮೆಟ್ಟಿಲುಗಳನ್ನು ಕನ್ನಡಿಯಂತೆ ನುಣುಪು ಮಾಡಿಸಿದನಂತೆ. ಮೊದಲ ದಿನವೇ ನೀರಿಗಿಳಿದ ಹೆಂಗಸರು ಸಾಲಾಗಿ ಜಾರಿದರು. ಹನ್ನೊಂದು ಕೊಡ ಒಡೆದವು ಎನ್ನುತ್ತಾರೆ. ಬಿದ್ದವರಲ್ಲಿ ಮಾಳವ್ವನೂ ಒಬ್ಬಳು. ಮನೆಮನೆಗೆ ಹೋಗಿ, ಸವೆದ ಒರಳಿಗೆ, ಬೀಸುಕಲ್ಲಿಗೆ ಉಳಿಯಿಂದ ಕುಟ್ಟಿ ಮುಳ್ಳು ಹೊಯ್ದುಕೊಡುವುದು, ಅಂದರೆ ಮೈ ತರಿತರಿ ಮಾಡಿಕೊಡುವುದು, ಅವಳ ಕಸುಬು. ನುಣುಪಾದ ಕಲ್ಲೆಂದರೆ ಸವೆದ ಕಲ್ಲು ಎಂದಷ್ಟೇ ಅವಳು ಬಲ್ಲಳು. ‘ಪಾಪ, ನಾಯಕರಿಗೆ ಯಾರೋ ಹಳೇ ಕಲ್ಲು ಸಾಗಹಾಕಿದ್ದಾರೆ’ ಎಂದುಕೊಂಡು, ಯಾರನ್ನೂ ಕೇಳದೆ ನೀರಂಚಿನ ನಾಲ್ಕು ಮೆಟ್ಟಿಲಿಗೆ ಮುಳ್ಳು ಹೊಯ್ದುಬಿಟ್ಟಳು.

ಸುದ್ದಿ ತಿಳಿದ ನಾಯಕ ಓಡಿ ಬಂದು ಎಲ್ಲಕ್ಕಿಂತ ಮೇಲಿನ ಮೆಟ್ಟಿಲ ಮೇಲೆ ನಿಂತ. ‘ಸಂಜೆಯೊಳಗೆ ಊರು ಬಿಡು’ ಎಂದ. ಹುಟ್ಟಿದೂರು, ಕಸುಬಿನ ಮನೆಗಳು, ಎಲ್ಲವೂ ಮಾಳವ್ವನ ಕೈತಪ್ಪಿದಂತಾಯಿತು. ಅಷ್ಟರಲ್ಲಿ ನಾಯಕನ ತಾಯಿ ಹೊನ್ನಾಜಮ್ಮ ಇಬ್ಬರು ಆಳುಗಳ ಹೆಗಲು ಹಿಡಿದು ನಡುಗುತ್ತ ಇಳಿದಳು. ಕೆಳಗಿನ ನಾಲ್ಕು ಮೆಟ್ಟಿಲು ಬಂದಾಗ ಇಬ್ಬರನ್ನೂ ಬಿಟ್ಟಳು. ಒಬ್ಬಳೇ ಇಳಿದು, ಬಗ್ಗಿ, ಚೊಂಬು ತುಂಬಿಕೊಂಡು ನೆಟ್ಟಗೆ ನಿಂತಳು.

‘ಮಗಾ, ಈ ನಾಲ್ಕು ಒರಟಾಗಿವೆ. ಉಳಿದವನ್ನೂ ಹೀಗೇ ಮಾಡಿಸು.’

ನಾಯಕ ಮಾಳವ್ವನ ಕಡೆ ತಿರುಗಿದ. ‘ಕೇಳಿಸಿತಲ್ಲ, ಕುಟ್ಟು.’

‘ಸಂಜೆಗೆ ಊರು ಬಿಡೋಳು ನಾನು, ಬುದ್ಧಿ. ಗಂಟು ಕಟ್ಟಬೇಕು.’

‘ಬಿಡಬೇಡ. ಇಲ್ಲೇ ಇರು. ಕುಟ್ಟು.’

ಒಂಬತ್ತು ದಿನ ಉಳಿಯ ಸದ್ದು ಕೇಳಿತಂತೆ. ಒಂದಾದರೂ ತನ್ನದು ಉಳಿಯಲಿ ಎಂದು ನಾಯಕ ನಿಂತ ಮೆಟ್ಟಿಲಿನಿಂದ ಕದಲಲಿಲ್ಲ. ಊಟಕ್ಕೂ ಹೋಗಲಿಲ್ಲ ಎಂದು ನಾನು ಹೇಳುವುದನ್ನು ನನ್ನ ಹೆಂಡತಿ ನಂಬುವುದಿಲ್ಲ. ಮಾಳವ್ವನೂ ಪಕ್ಕಕ್ಕೆ ಸರಿಯಿರಿ ಎನ್ನಲಿಲ್ಲ. ಅವನ ಕಾಲಬುಡದವರೆಗೆ ಕುಟ್ಟಿ, ಉಳಿ ಒರೆಸಿಕೊಂಡು ಮನೆಗೆ ಹೋದಳು.

ಇಂದಿಗೂ ಆ ಮೇಲಿನ ಮೆಟ್ಟಿಲೊಂದೇ ಫಳಫಳ ಹೊಳೆಯುತ್ತದೆ. ನೋಡಲು ಬಂದವರು ಅದನ್ನೇ ಮೆಚ್ಚುತ್ತಾರೆ, ಫೋಟೊ ತೆಗೆಯುತ್ತಾರೆ, ಕಾಲಿಟ್ಟು ಜಾರುತ್ತಾರೆ. ನಾವು ಯಾರೂ ಮುಂಚಿತವಾಗಿ ಎಚ್ಚರಿಸುವುದಿಲ್ಲ. ಎರಡನೆಯದು ಹಿಡಿದುಕೊಳ್ಳುತ್ತದೆ, ಅದು ಮಾಳವ್ವ ಕುಟ್ಟಿದ್ದು.